ಫ್ರಾನ್ಸಿನ ಹಳ್ಳಿದಾರಿಯಲ್ಲಿ ಓಡುವ ಮುನ್ನ: ಮೊಣಕಾಲು, ನೀರು ಮತ್ತು ಒಂದು ಸಣ್ಣ ಉಣುಗು



ಮಗಳೋ ಮಗನೋ ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದಾರೆ, ಒಂದು ತಿಂಗಳು ಹೋಗಿ ಬರುತ್ತೇವೆ ಅನ್ನುವವರು ನಮ್ಮವರಲ್ಲಿ ಈಗ ಸಾಕಷ್ಟು ಇದ್ದಾರೆ. ಅವರಲ್ಲಿ ಕೆಲವರು ದಿನಾ ಬೆಳಿಗ್ಗೆ ಓಡುವವರು. ಮುಂಬೈಯ ಮರೀನ್ ಡ್ರೈವ್, ಚೆನ್ನೈಯ ಮರೀನಾ, ಹೈದರಾಬಾದಿನ ನೆಕ್ಲೇಸ್ ರೋಡ್, ದೆಹಲಿಯ ಲೋಧಿ ಗಾರ್ಡನ್‌ನಲ್ಲಿ ಓಡಿ ಅಭ್ಯಾಸವಾದವರು ಶೂ ಬಿಟ್ಟು ಸೂಟ್‌ಕೇಸ್ ಕಟ್ಟುವುದಿಲ್ಲ. ಈ ವಾರದ ಬರಹ ಅವರಿಗೆ. ಓಡದೆ ಬರೀ ನಡೆಯುವವರೂ ಓದಿ, ಬಹುಪಾಲು ನಿಮಗೂ ಅನ್ವಯಿಸುತ್ತದೆ.

ಫ್ರಾನ್ಸಿನ ಹಳ್ಳಿಗಾಡು ಓಡುವವರಿಗೆ ಹೇಳಿ ಮಾಡಿಸಿದ ಜಾಗ. 1947ರಿಂದ ಈಚೆಗೆ ದೇಶದ ತುಂಬ ಕಾಲುದಾರಿಗಳನ್ನು ಗುರುತು ಹಾಕುತ್ತಾ ಬಂದಿದ್ದಾರೆ. ಮರದ ಮೇಲೆ, ಕಲ್ಲಿನ ಮೇಲೆ, ಕಂಬದ ಮೇಲೆ ಬಿಳಿ ಪಟ್ಟೆ, ಅದರ ಕೆಳಗೆ ಕೆಂಪು ಪಟ್ಟೆ ಕಂಡರೆ ಅದು ಜಿ.ಆರ್. ಎಂಬ ದೂರದಾರಿ. ಹಳದಿ ಪಟ್ಟೆಯದು ಊರ ಸುತ್ತಿನ ಚಿಕ್ಕ ದಾರಿ. ಅಡ್ಡಗುರುತು, ಅಂದರೆ ಇಂಟು ಮಾರ್ಕ್ ಕಂಡರೆ ತಪ್ಪು ದಾರಿ, ಹಿಂತಿರುಗಿ.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು ಬರ್ಗಂಡಿಯ ಬೋನ್ ಪಟ್ಟಣ. ಅಲ್ಲಿ 1443ರಲ್ಲಿ ಬಡವರಿಗಾಗಿ ಸ್ಥಾಪಿಸಿದ ಆಸ್ಪತ್ರೆಯೊಂದಿದೆ. ಬಣ್ಣಬಣ್ಣದ ಹೆಂಚಿನ ಆ ಕಟ್ಟಡದಲ್ಲಿ 1971ರವರೆಗೂ ರೋಗಿಗಳಿದ್ದರು. ಆಸ್ಪತ್ರೆಗೆ ದಾನ ಬಂದ ದ್ರಾಕ್ಷಿ ತೋಟಗಳ ವೈನನ್ನು ಈಗಲೂ ಪ್ರತಿ ನವೆಂಬರಿನಲ್ಲಿ ಹರಾಜು ಹಾಕುತ್ತಾರೆ. ಬೋನ್‌ನಿಂದ ಪೊಮಾರ್, ವೊಲ್ನೆ, ಮರ್ಸೋ ಊರುಗಳ ಮೂಲಕ ಸಾಂತನೆವರೆಗೆ ತೋಟಗಳ ನಡುವೆಯೇ ಸೈಕಲ್ ದಾರಿ ಇದೆ, ಒಟ್ಟು ಇಪ್ಪತ್ತು ಕಿಲೋಮೀಟರಿನ ಮೇಲೆ. ಪೊಮಾರ್‌ವರೆಗೆ ಓಡಿ ವಾಪಸು ಬಂದರೂ ಸಾಕು. ಏರಿಳಿತ ಮೃದು, ವಾಹನ ಕಡಿಮೆ.

ಅನುಭವ ಇದ್ದವರು ನೈರುತ್ಯದ ಡೋರ್ಡೊನ್ ಕಣಿವೆಗೆ ಹೋಗಬಹುದು. ನದಿಯ ಪಕ್ಕ ಬಂಡೆಗೆ ಅಂಟಿಕೊಂಡ ಊರು ಲಾ ರೋಕ್ ಗಜಾಕ್. ಬಂಡೆಯ ನೆತ್ತಿಯ ಮೇಲೆ ಕೋಟೆಗೋಡೆಯ ಊರು ಡೊಮ್, 1281ರಲ್ಲಿ ಕಟ್ಟಿದ್ದು. ಲ ಪುಯಿ ಪಟ್ಟಣದಿಂದ ಹೊರಡುವ ಹಳೆಯ ಯಾತ್ರೆಯ ದಾರಿ ಜಿ.ಆರ್. 65 ಕೊಂಕ್ ಎಂಬ ಹಳ್ಳಿಗೆ ಇಳಿಯುತ್ತದೆ. ಆ ಇಳಿಜಾರು ಮಳೆಯಲ್ಲಿ ಸೋಪು ಹಚ್ಚಿದ ಹಾಗೆ ಜಾರುತ್ತದೆ.

*ತೊಂದರೆ ಕೊಡುವುದು ಇಳಿಜಾರು*

ಹತ್ತಲು ಕಷ್ಟ, ಇಳಿಯಲು ಸುಲಭ ಅಂತ ನಾವು ತಿಳಿದಿರುತ್ತೇವೆ. ಉಸಿರಿನ ಮಟ್ಟಿಗೆ ಅದು ನಿಜ, ಸ್ನಾಯುವಿನ ಮಟ್ಟಿಗೆ ಅಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ದೇಹದ ಭಾರವನ್ನು ತಡೆಯಬೇಕು, ಬ್ರೇಕ್ ಹಾಕಿದ ಹಾಗೆ. ಆಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹರಿತಗಳಾಗುತ್ತವೆ. ಓಡುವಾಗ ಏನೂ ಗೊತ್ತಾಗುವುದಿಲ್ಲ. ಮಾರನೇ ದಿನ, ಅದರ ಮಾರನೇ ದಿನ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಆರಾಮಾಗಿ ಓಡುವವರೂ ಡೊಮ್‌ನಂಥ ಊರಿನಿಂದ ಒಮ್ಮೆ ಇಳಿದರೆ ಪ್ರವಾಸದ ಮೂರು ದಿನ ಹಾಳು.

ಸಮಾಧಾನದ ವಿಷಯ, ಸ್ನಾಯು ಇದನ್ನು ಬೇಗ ಕಲಿಯುತ್ತದೆ. ಹೊರಡುವ ಐದಾರು ವಾರ ಮೊದಲಿನಿಂದ ವಾರಕ್ಕೊಮ್ಮೆ ಇಳಿಜಾರಿನಲ್ಲಿ ನಿಧಾನವಾಗಿ ಓಡಿ. ಪುಣೆಯವರಿಗೆ ವೇತಾಳ ಟೇಕಡಿ ಇದೆ, ಹೈದರಾಬಾದಿನವರಿಗೆ ಬಂಜಾರಾ ಹಿಲ್ಸ್, ಮುಂಬೈಯವರಿಗೆ ಮಲಬಾರ್ ಹಿಲ್, ದೆಹಲಿಯವರಿಗೆ ರಿಡ್ಜ್. ಚೆನ್ನೈಯವರಿಗೆ ಸೇಂಟ್ ಥಾಮಸ್ ಮೌಂಟ್ ಬಿಟ್ಟರೆ ಅಪಾರ್ಟ್‌ಮೆಂಟಿನ ಮೆಟ್ಟಿಲೇ ಗತಿ. ಇಳಿಯುವಾಗ ದೊಡ್ಡ ಹೆಜ್ಜೆ ಬೇಡ, ಪುಟ್ಟ ಹೆಜ್ಜೆ ಬೇಗ ಬೇಗ ಇಡಿ. ಮೊಣಕಾಲು ಸವೆದಿದೆ ಎಂದು ಡಾಕ್ಟರ್ ಹೇಳಿದ್ದರೆ ಇಳಿಜಾರನ್ನು ನಡೆದೇ ಇಳಿಯಿರಿ.

ಅಲ್ಲಿಯ ರೇಸ್‌ಗಳಲ್ಲಿ ಭಾಗವಹಿಸಲು ಮೊದಲು ವೈದ್ಯರ ಸರ್ಟಿಫಿಕೇಟ್ ಕೇಳುತ್ತಿದ್ದರು. 2024ರಿಂದ ಅದರ ಬದಲು ಆನ್‌ಲೈನಿನಲ್ಲಿ ಆರೋಗ್ಯದ ಎಚ್ಚರಿಕೆಗಳನ್ನು ಓದಿ ಪಿ.ಪಿ.ಎಸ್. ಎಂಬ ಪ್ರಮಾಣ ಪಡೆಯುವ ವ್ಯವಸ್ಥೆ ಬಂದಿದೆ. ಓದಿ ಒಪ್ಪಿದ್ದು ತಪಾಸಣೆ ಆಗುವುದಿಲ್ಲ. ಐವತ್ತು ದಾಟಿದವರು, ಬಿಪಿ, ಶುಗರ್ ಇರುವವರು ಇಲ್ಲೇ ನಿಮ್ಮ ಡಾಕ್ಟರನ್ನು ಕಂಡು ಹೊರಡಿ.

*ಬೆವರು ಕಾಣದಿದ್ದರೂ ನೀರು ಬೇಕು*

ಮುಂಬೈ, ಚೆನ್ನೈಯಲ್ಲಿ ಓಡಿದರೆ ಬನಿಯನ್ ಹಿಂಡಬಹುದು. ಬರ್ಗಂಡಿಯ ಬೇಸಿಗೆಯ ಒಣ ಗಾಳಿಯಲ್ಲಿ ಬೆವರು ಬಂದ ಹಾಗೇ ಆರಿಹೋಗುತ್ತದೆ. ಮೈ ಒಣಗಿದೆ, ನೀರು ಬೇಡ ಅನ್ನಿಸುತ್ತದೆ. ಇದು ಮೋಸ. ಜುಲೈ, ಆಗಸ್ಟಿನಲ್ಲಿ ಬಿಸಿಗಾಳಿಯೂ ಬರುತ್ತದೆ, 2003ರ ಬಿಸಿಗಾಳಿಗೆ ಫ್ರಾನ್ಸಿನಲ್ಲಿ ಸುಮಾರು 15,000 ಜನ ಸತ್ತರು, ಹೆಚ್ಚಿನವರು ವಯಸ್ಸಾದವರು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ವಿಶೇಷವಾಗಿ ಜಾಗ್ರತೆ.

ನಮ್ಮಲ್ಲಿಯ ಹಾಗೆ ಹೆಜ್ಜೆಗೊಂದು ಅಂಗಡಿ, ಎಳನೀರು, ಆಟೋ ಅಲ್ಲಿಲ್ಲ. ಹಳ್ಳಿಯಲ್ಲಿ ಒಂದೇ ಬೇಕರಿ ಇರುತ್ತದೆ, ಅದೂ ಮಧ್ಯಾಹ್ನ ಮುಚ್ಚಿರುತ್ತದೆ, ಅನೇಕ ಕಡೆ ಸೋಮವಾರ ಪೂರ್ತಿ ರಜೆ. ನೀರಿಗೆ ಅಲ್ಲಿಯವರೇ ಮಾಡುವ ಉಪಾಯ ಸ್ಮಶಾನ. ಹೂಗಿಡಗಳಿಗೆ ನೀರು ಹಾಕಲೆಂದು ಸಾಮಾನ್ಯವಾಗಿ ಪ್ರತಿ ಊರಿನ ಸ್ಮಶಾನದಲ್ಲಿ ನಲ್ಲಿ ಇರುತ್ತದೆ. ನಮಗೆ ಸ್ವಲ್ಪ ಮುಜುಗರ, ಅಲ್ಲಿ ಯಾರೂ ಏನೂ ಅಂದುಕೊಳ್ಳುವುದಿಲ್ಲ. ‘ಓ ಪೊತಾಬ್ಲ್’ ಅಂದರೆ ಕುಡಿಯುವ ನೀರು. ನಡುವೆ ‘ನೋ’ ಎಂಬ ಪದ ಸೇರಿದ್ದರೆ ಕುಡಿಯಬೇಡಿ.

ಶುಗರಿಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಗ್ಲೂಕೋಸ್ ಇಲ್ಲವೇ ನಾಲ್ಕು ಖರ್ಜೂರ ಜೇಬಿನಲ್ಲಿ ಇಟ್ಟುಕೊಳ್ಳದೆ ಬಾಗಿಲು ದಾಟಬಾರದು. ನಿರ್ಜನ ತೋಟದ ನಡುವೆ ಶುಗರ್ ಇಳಿದರೆ ಕೇಳುವವರಿಲ್ಲ. ಮೊಬೈಲಿನಲ್ಲಿ ಎರಡು ನಂಬರ್ ಇರಲಿ: ವೈದ್ಯಕೀಯ ತುರ್ತಿಗೆ 15, ಯೂರೋಪಿನಾದ್ಯಂತ ಯಾವ ತುರ್ತಿಗೂ 112.

*ರಸ್ತೆ, ಬೇಟೆ, ಔಷಧಿ*

ಅಲ್ಲಿ ವಾಹನ ಬಲಕ್ಕೆ ಓಡುತ್ತದೆ. ಎದುರು ವಾಹನ ಕಾಣುವಂತೆ ಓಡಬೇಕೆಂದರೆ ನೀವು ಎಡಕ್ಕಿರಬೇಕು. ರಸ್ತೆ ದಾಟುವಾಗ ನಮ್ಮ ಕತ್ತು ಅಭ್ಯಾಸದಿಂದ ಮೊದಲು ಬಲಕ್ಕೆ ತಿರುಗುತ್ತದೆ, ಕಾರು ಎಡದಿಂದ ಬರುತ್ತದೆ.

ಸೆಪ್ಟೆಂಬರಿನಿಂದ ಫೆಬ್ರವರಿವರೆಗೆ ಬೇಟೆಯ ಕಾಲ. ‘ಶಾಸ್ ಆನ್ ಕೂರ್’ ಎಂಬ ಬೋರ್ಡ್ ಕಂಡರೆ ಬೇಟೆ ನಡೆಯುತ್ತಿದೆ ಎಂದರ್ಥ, ತಿರುಗಿ ಬನ್ನಿ. ಕಿತ್ತಳೆ ಅಥವಾ ಗಾಢ ಹಳದಿ ಬಟ್ಟೆಯಲ್ಲೇ ಓಡಿ. ಇನ್ನು ದ್ರಾಕ್ಷಿ ತೋಟದಲ್ಲಿ ಟ್ರಾಕ್ಟರ್ ಔಷಧಿ ಹೊಡೆಯುತ್ತಿದ್ದರೆ ಆ ಕಡೆ ಬೇಡ. ಕೀಟನಾಶಕದ ಜೊತೆ ಕೆಲಸ ಮಾಡುವ ಕೃಷಿಕರಿಗೆ ಬರುವ ಪಾರ್ಕಿನ್ಸನ್ ರೋಗವನ್ನು ಫ್ರಾನ್ಸ್ 2012ರಲ್ಲಿ ವೃತ್ತಿರೋಗವೆಂದೇ ಒಪ್ಪಿಕೊಂಡಿದೆ. ಒಂದು ದಿನ ಓಡಿದವರಿಗೆ ಆ ಭಯ ಬೇಡ, ಆದರೆ ಗೊಂಚಲು ಕಿತ್ತು ಬಾಯಿಗೆ ಹಾಕಬೇಡಿ. ಅದು ಕಳ್ಳತನವೂ ಹೌದು!

*ಉಣುಗು*

ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಫ್ರಾನ್ಸಿನ ಉಣುಗು ಬೇರೆ ಜಾತಿ, ಅದು ಹರಡುವ ಕಾಯಿಲೆಯೂ ಬೇರೆ: ಲೈಮ್ ಎಂಬ ಬ್ಯಾಕ್ಟೀರಿಯಾ ರೋಗ. ಕಾಡಂಚು, ಎತ್ತರದ ಹುಲ್ಲು, ವಸಂತ ಮತ್ತು ಶರತ್ಕಾಲ ಅದಕ್ಕೆ ಇಷ್ಟ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತದೆ, ಕಚ್ಚಿದ್ದು ಗೊತ್ತಾಗುವುದಿಲ್ಲ.

ಓಡಿ ಬಂದ ತಕ್ಷಣ ಸ್ನಾನ ಮಾಡಿ ಮೊಣಕಾಲಿನ ಹಿಂದೆ, ತೊಡೆಸಂದು, ಕಂಕುಳು, ಹೊಕ್ಕುಳು, ಕಿವಿಯ ಹಿಂದೆ ನೋಡಿಕೊಳ್ಳಿ. ಬೆನ್ನು ನೋಡಲು ಮನೆಯವರಿಗೆ ಹೇಳಿ. ಸಿಕ್ಕಿದರೆ ಸಣ್ಣ ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಿರಿ. ಎಣ್ಣೆ ಹಚ್ಚುವುದು, ಬೆಂಕಿಕಡ್ಡಿ ತಾಗಿಸುವುದು ಬೇಡವೇ ಬೇಡ. ಸಾಮಾನ್ಯವಾಗಿ ಅದು ಒಂದು ದಿನದ ಮೇಲೆ ಕಚ್ಚಿಕೊಂಡಿದ್ದರೆ ಅಪಾಯ ಹೆಚ್ಚುವುದರಿಂದ ಅದೇ ದಿನ ತೆಗೆದರೆ ಬಹಳ ಮಟ್ಟಿಗೆ ಪಾರು.

ಆಮೇಲೆ ಒಂದು ತಿಂಗಳು ಆ ಜಾಗವನ್ನು ಗಮನಿಸಿ. ಮೂರರಿಂದ ಮೂವತ್ತು ದಿನದೊಳಗೆ ಕೆಂಪು ಕಲೆ ಮೂಡಿ ದಿನದಿಂದ ದಿನಕ್ಕೆ ಗುಂಡಗೆ ಹರಡಬಹುದು. ನೋವಿರುವುದಿಲ್ಲ, ತುರಿಕೆಯೂ ಹೆಚ್ಚಾಗಿ ಇರುವುದಿಲ್ಲ. ಅಷ್ಟರಲ್ಲಿ ನೀವು ಪುಣೆಗೋ ದೆಹಲಿಗೋ ವಾಪಸು ಬಂದಿರುತ್ತೀರಿ. ಇಲ್ಲಿಯ ಡಾಕ್ಟರು ಅದನ್ನು ಹುಳುಕಡ್ಡಿ ಅಂದುಕೊಂಡು ಮುಲಾಮು ಬರೆದರೆ ಅವರ ತಪ್ಪಲ್ಲ, ನೀವು ಫ್ರಾನ್ಸಿಗೆ ಹೋಗಿದ್ದು ಅವರಿಗೆ ಗೊತ್ತಿಲ್ಲ. ಆರಂಭದಲ್ಲಿ ರಕ್ತಪರೀಕ್ಷೆಯಲ್ಲಿ ಏನೂ ಕಾಣದಿರಬಹುದು, ಕಲೆ ನೋಡಿಯೇ ತೀರ್ಮಾನಿಸಬೇಕು. ಹಾಗಾಗಿ ಕಲೆಯ ಫೋಟೋ ತೆಗೆದಿಡಿ, ಉಣುಗು ಕಚ್ಚಿದ ತಾರೀಕು ಬರೆದಿಡಿ, ‘ಫ್ರಾನ್ಸಿನಲ್ಲಿ ಹುಲ್ಲಿನ ದಾರಿಯಲ್ಲಿ ಓಡಿದ್ದೆ’ ಎಂದು ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಎರಡು ಮೂರು ವಾರದ ಸಾಮಾನ್ಯ ಆ್ಯಂಟಿಬಯಾಟಿಕ್ ಮಾತ್ರೆಯಲ್ಲಿ ವಾಸಿ. ಬಿಟ್ಟರೆ ತಿಂಗಳುಗಳ ನಂತರ ಕೀಲು, ನರ, ಕೆಲವೊಮ್ಮೆ ಹೃದಯಕ್ಕೂ ತೊಂದರೆ.

ಈ ಬೇಸಿಗೆಗೆ ಟಿಕೆಟ್ ಮಾಡಿಸಿದವರು ಗುಂಪಿನಲ್ಲಿದ್ದರೆ ಅವರಿಗೆ ಈ ಕೊನೆಯ ಭಾಗವನ್ನಾದರೂ ಕಳಿಸಿ.