ಮನೆಯಲ್ಲಿ ಅಳೆದ ರಕ್ತದೊತ್ತಡ

ಗೌರಿಬಿದನೂರು ತಾಲ್ಲೂಕಿನ ನಗರಗೆರೆ ಹೋಬಳಿಯ ಹಳ್ಳಿಯೊಂದರಿಂದ ಬಸ್ಸು ಹಿಡಿದು, ಬಿಸಿಲಲ್ಲಿ ನಡೆದು, ಆಸ್ಪತ್ರೆಯ ಸರದಿಯಲ್ಲಿ ನಿಂತು ದಣಿದ ಮಧುಮೇಹಿಯ ತೋಳಿಗೆ ಪಟ್ಟಿ ಸುತ್ತಿದಾಗ ಕಾಣುವ ಅಂಕೆಯು ಆತನ ನಿತ್ಯದ ರಕ್ತದೊತ್ತಡವೇ ಆಗಿರಬೇಕೆಂದೇನೂ ಇಲ್ಲ. ವೈದ್ಯರ ಸನ್ನಿಧಿಯಲ್ಲಿ ಮಾತ್ರ ಏರುವ ಒತ್ತಡವುಂಟು. ಅಲ್ಲಿ ಸೌಮ್ಯವಾಗಿದ್ದು ಮನೆಯಲ್ಲಿ ಏರುವ ಒತ್ತಡವೂ ಉಂಟು. ಈ ಎರಡನೆಯದೇ ಹೆಚ್ಚು ವಂಚಕವಾದುದು. 2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆಯಂತೆ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿ.ಪಿ., ಶುಗರ್ ಪರೀಕ್ಷಿಸುವುದು ಸ್ತುತ್ಯವೇ ಸರಿ. ಆದರೆ ಅವರು ತೆರಳಿದ ಮೇಲಿನ ದಿನಗಳ ಲೆಕ್ಕವನ್ನಿಡಬೇಕಾದವರು ಮನೆಯವರೇ.

ಮಧುಮೇಹಿಗೆ ಈ ಲೆಕ್ಕ ಏಕೆ ಮುಖ್ಯವೆಂದರೆ, ಅಧಿಕ ಸಕ್ಕರೆಯು ಮೂತ್ರಪಿಂಡ, ಅಕ್ಷಿಪಟಲಗಳ ಸೂಕ್ಷ್ಮ ರಕ್ತನಾಳಗಳನ್ನು ಶಿಥಿಲಗೊಳಿಸುತ್ತಿರುವಾಗ ಅಧಿಕ ಒತ್ತಡವೂ ಅವುಗಳ ಮೇಲೆಯೇ ಎರಗುತ್ತದೆ. ಎರಡನೆಯ ಬಗೆಯ ಮಧುಮೇಹಿಗಳನ್ನು ಕುರಿತು ಬ್ರಿಟನ್ನಿನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರಾಸರಿ ಒತ್ತಡವು 154/87 ಇದ್ದವರಿಗಿಂತ 144/82ಕ್ಕೆ ಇಳಿಸಿಕೊಂಡವರಲ್ಲಿ ಪಾರ್ಶ್ವವಾಯು ಶೇ. 44ರಷ್ಟು ಕಡಿಮೆಯಾಗಿತ್ತು.

ಅಳೆಯುವ ಕ್ರಮ ಸರಳ. ಮಣಿಕಟ್ಟಿನದಕ್ಕಿಂತ ಮೇಲ್ತೋಳಿಗೆ ಸುತ್ತುವ ಯಂತ್ರ ವಿಶ್ವಾಸಾರ್ಹ. ತೋಳಿನ ಸುತ್ತಳತೆಗೆ ಪಟ್ಟಿ ಹೊಂದಬೇಕು. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿಗಳನ್ನು ದೂರವಿಟ್ಟು, ಮೂತ್ರ ವಿಸರ್ಜಿಸಿ, ಬೆನ್ನಿಗೆ ಆಸರೆಯಿರುವಂತೆ ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಮೌನವಾಗಿ ಕುಳಿತು, ತೋಳನ್ನು ಹೃದಯದ ಮಟ್ಟದಲ್ಲಿರಿಸಿ, ಬೆಳಿಗ್ಗೆ ಮಾತ್ರೆಗೆ ಮುನ್ನ ಎರಡು ಬಾರಿ, ಸಂಜೆ ಎರಡು ಬಾರಿ, ಹೀಗೆ ಏಳು ದಿನ ಅಳೆದು ಬರೆದಿಟ್ಟು, ಮೊದಲ ದಿನವನ್ನು ಬಿಟ್ಟು ಸರಾಸರಿ ತೆಗೆಯತಕ್ಕದ್ದು. ಅದು 135/85 ಅಥವಾ ಹೆಚ್ಚಿದ್ದರೆ ಅಧಿಕವೆಂದೇ ಅರ್ಥ. ಮಧುಮೇಹಿಗಳಿಗೆ ಸಾಮಾನ್ಯವಾಗಿ 130/80ಕ್ಕಿಂತ ಕೆಳಗಿನ ಗುರಿಯನ್ನು ವೈದ್ಯರು ಇಡುತ್ತಾರೆ.

ಇನ್ನೊಂದು ಅಳತೆಯುಂಟು, ಅದನ್ನು ಬಹುಮಂದಿ ಮರೆಯುತ್ತಾರೆ. ದೀರ್ಘಕಾಲದ ಮಧುಮೇಹದಿಂದ ನರಗಳು ಕುಂದಿದವರಿಗೆ, ಕುಳಿತಾಗ ಏರಿದ್ದ ಒತ್ತಡವು ಎದ್ದು ನಿಂತೊಡನೆ ಕುಸಿಯಬಹುದು. ಪರೀಕ್ಷಿಸದೆ ಯಾವುದನ್ನೂ ಒಪ್ಪದಿದ್ದ ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ಗೌರಿಬಿದನೂರು ತಾಲ್ಲೂಕಿನಲ್ಲಿ, ತಲೆ ಸುತ್ತಿದೊಡನೆ ‘ಪಿತ್ತ’ವೆಂದು ತೀರ್ಮಾನಿಸುವುದು ಶೋಭಿಸದು. ಕುಳಿತ ಅಳತೆಯ ಬಳಿಕ ಎದ್ದು, ಗೋಡೆಯೋ ಮನೆಯವರೋ ಆಸರೆಗಿರಲಾಗಿ, ಒಂದು ನಿಮಿಷಕ್ಕೂ ಮೂರು ನಿಮಿಷಕ್ಕೂ ಮತ್ತೆ ಅಳೆದು ನೋಡಬೇಕು. ಮೇಲಿನ ಅಂಕೆ 20ರಷ್ಟೋ ಅದಕ್ಕೂ ಹೆಚ್ಚೋ ಇಳಿದಿದ್ದರೆ ವೈದ್ಯರಿಗೆ ತಿಳಿಸಲೇಬೇಕು. ಕುಳಿತ ಅಂಕೆಯನ್ನಷ್ಟೇ ಕಂಡು ಮಾತ್ರೆ ಹೆಚ್ಚಿಸಿದರೆ ರೋಗಿ ಬಚ್ಚಲಿನಲ್ಲೋ ಹಿತ್ತಲಿನಲ್ಲೋ ಬಿದ್ದು ಮೂಳೆ ಮುರಿದುಕೊಳ್ಳುವ ಸಂಭವವಿದೆ.

ಅಂಕೆಯನ್ನು ನೋಡಿ ಮಾತ್ರೆಯನ್ನು ತಾವೇ ಹೆಚ್ಚಿಸಬೇಡಿ, ನಿಲ್ಲಿಸಲೂಬೇಡಿ; ಮುಂದಿನ ಬಾರಿ ಆಸ್ಪತ್ರೆಗೆ ಹೋಗುವಾಗ ಬರೆದಿಟ್ಟ ಪುಸ್ತಕವನ್ನೂ ಯಂತ್ರವನ್ನೂ ಜೊತೆಗೆ ಒಯ್ಯಿರಿ.