ಹೆಜ್ಜೆಗೊಂದು ಚೀರು

ಸ್ಕಾಟ್ಲೆಂಡಿನ ಎಗ್ ದ್ವೀಪದಲ್ಲಿ ನಡೆದರೆ ಮರಳು ಹಾಡುತ್ತದಂತೆ, ಹೌದೇ ಎಂದು ಓದುಗರೊಬ್ಬರು ಕೇಳಿದ್ದಾರೆ. ಹೌದು, ದನಿ ಬರುತ್ತದೆ. ಆದರೆ ಪ್ರವಾಸದ ಜಾಹೀರಾತುಗಳು ಹೇಳುವ ಹಾಡನ್ನು ನಿರೀಕ್ಷಿಸಬೇಡಿ. ಚೆನ್ನಾಗಿ ಒಣಗಿದ ಮರಳನ್ನು ಹಿಮ್ಮಡಿಯಿಂದ ಓರೆಯಾಗಿ ಒದ್ದರೆ ಕೇಳುವುದು ಒಂದು ಗಿಡ್ಡ ಚೀರು, ಅಷ್ಟೇ. ನನಗೆ ಹಾಡಿಗಿಂತ ಆ ಚೀರೇ ಹೆಚ್ಚು ಸೋಜಿಗ.

1844ರ ಬೇಸಿಗೆಯಲ್ಲಿ ಹ್ಯೂ ಮಿಲ್ಲರ್ ಇಲ್ಲಿಗೆ ಬಂದ. ಕಲ್ಲುಕುಟಿಗನಾಗಿ ಬದುಕು ಆರಂಭಿಸಿ, ಉಳಿ ಹಿಡಿದ ಕೈಯಲ್ಲೇ ಭೂವಿಜ್ಞಾನ ಕಲಿತವನು. ಬಂದಿದ್ದು 'ಬೆಟ್ಸಿ' ಎಂಬ ಪುಟ್ಟ ಹಾಯಿದೋಣಿಯಲ್ಲಿ. 1843ರಲ್ಲಿ ಸ್ಕಾಟ್ಲೆಂಡಿನ ಚರ್ಚ್ ಒಡೆದಾಗ ಹೊರಬಂದ ಅವನ ಗೆಳೆಯ ಪಾದ್ರಿಗೆ ದ್ವೀಪದಲ್ಲಿ ಮನೆ ಕಟ್ಟಲು ಜಾಗ ಸಿಗದೆ, ಆ ದೋಣಿಯೇ ಮನೆಯಾಗಿತ್ತು. ಮಿಲ್ಲರ್ ಮರಳನ್ನು ಒದ್ದು, ಮತ್ತೆ ಮತ್ತೆ ದನಿ ಹೊರಡಿಸಿ ನೋಡಿ ವಿವರವಾಗಿ ಬರೆದಿಟ್ಟ. ಅದೇ ದ್ವೀಪದ ಬಂಡೆಗಳಲ್ಲಿ ಪ್ಲೀಸಿಯೊಸಾರ್ ಎಂಬ ಕಡಲ ಸರೀಸೃಪದ ಮೂಳೆಗಳೂ ಅವನಿಗೆ ಸಿಕ್ಕವು.

ದನಿಯ ಬೇರು ಇರುವುದೂ ಆ ಬಂಡೆಗಳ ಕಾಲದಲ್ಲೇ. ದ್ವೀಪದ ಮೇಲ್ಭಾಗವೆಲ್ಲ ಕಪ್ಪು ಲಾವಾ. ಅದರಡಿಯಲ್ಲಿ, ಕಡಲಂಚಿನಲ್ಲಿ ಇಣುಕುವುದು ಜುರಾಸಿಕ್ ಯುಗದ ಬಿಳಿಚು ಮರಳುಗಲ್ಲು. ಹದಿನಾರು ಕೋಟಿ ವರ್ಷಗಳಿಗೂ ಹಿಂದೆ ನೀರು ತಂದು ಹಾಸಿದ ಬೆಣಚು ಮರಳು ಕಲ್ಲಾಗಿ, ಈಗ ಅಲೆಗಳ ಹೊಡೆತಕ್ಕೆ ಉದುರಿ ಮತ್ತೆ ಮರಳಾಗುತ್ತಿದೆ. ಅಂದರೆ ನೀರು ಈ ಮರಳಿನ ಕಣಗಳನ್ನು ಎರಡು ಸಲ ತೊಳೆದು, ಎರಡು ಸಲ ಜರಡಿ ಹಿಡಿದಿದೆ. ಹಾಗಾಗಿಯೇ ಕಣಗಳು ದುಂಡಗೆ, ಬಹುಮಟ್ಟಿಗೆ ಒಂದೇ ಗಾತ್ರದಲ್ಲಿವೆ.

ಗಾತ್ರ ಒಂದೇ ಆದರೆ ಏನಾಯಿತು? ಕೋಲಾಟ ನೆನೆಸಿಕೊಳ್ಳಿ. ಎಲ್ಲರ ಹೆಜ್ಜೆ ಒಂದಾದರೆ ಇಪ್ಪತ್ತು ಜೋಡಿ ಕೋಲು ಒಂದೇ ಏಟಾಗಿ ಕೇಳುತ್ತವೆ. ಗತಿ ತಪ್ಪುವ ನಾಲ್ಕು ಮಂದಿ ನಡುವೆ ಸೇರಿದರೆ ಬರೀ ಗದ್ದಲ. ಕಾಲು ಒತ್ತಿದಾಗ ಮರಳಿನ ಒಂದು ಪದರ ಇನ್ನೊಂದರ ಮೇಲೆ ಜಾರುತ್ತದೆ. ಪ್ರತಿ ಕಣವೂ ಕೆಳಗಿನ ಕಣವನ್ನು ಹತ್ತಿ ಇಳಿಯಬೇಕು. ಸಮಗಾತ್ರದ ಕಣಗಳು ಒಟ್ಟಿಗೆ ಹತ್ತಿ ಒಟ್ಟಿಗೆ ಇಳಿಯುತ್ತವೆ, ಸೆಕೆಂಡಿಗೆ ನೂರಾರು ಬಾರಿ. ಆ ಕಂಪನವೇ ಕಿವಿಗೆ ಚೀರಾಗಿ ಮುಟ್ಟುತ್ತದೆ. ಧೂಳು ಸೇರಿದರೆ ಗತಿ ತಪ್ಪಿ ಮರಳು ಮೂಕವಾಗುತ್ತದೆ, ಒದ್ದೆಯಾದರೂ ಅಷ್ಟೇ.

1880ರ ದಶಕದಲ್ಲಿ ಇದರ ಬಗ್ಗೆ ಭಾರಿ ಚರ್ಚೆ ನಡೆಯಿತು. ಅಮೆರಿಕದ ಬೋಲ್ಟನ್ ಮತ್ತು ಜೂಲಿಯನ್, ಕಣಗಳನ್ನು ಸುತ್ತಿದ ಗಾಳಿಯ ತೆಳುಪೊರೆಯೇ ದನಿಗೆ ಕಾರಣ ಎಂದರು. ಇಂಗ್ಲೆಂಡಿನ ಕೇರಸ್-ವಿಲ್ಸನ್, ಚೊಕ್ಕವಾದ ಸಮಗಾತ್ರದ ಕಣಗಳ ಉಜ್ಜಾಟವೇ ಸಾಕು ಎಂದರು. ಇಂದಿನ ತಿಳಿವಳಿಕೆ ಕೇರಸ್-ವಿಲ್ಸನ್ ಕಡೆಗೇ ವಾಲುತ್ತದೆ.

ಸ್ಕಾಟ್ಲೆಂಡಿನ ಬೆಳ್ಳನೆಯ ತೀರಗಳೆಲ್ಲ ಹೀಗೆ ಚೀರುವುದಿಲ್ಲ. ಹ್ಯಾರಿಸ್ ದ್ವೀಪದ ಹೆಸರಾಂತ ಲಸ್ಕೆಂಟೈರ್ ತೀರದ ಬಿಳುಪು ಬಹುಪಾಲು ಕಪ್ಪೆಚಿಪ್ಪುಗಳ ಪುಡಿಯದು. ಚಪ್ಪಟೆ, ಮೊನಚು ಚೂರುಗಳು ಜೊತೆಯಾಗಿ ಹೆಜ್ಜೆ ಹಾಕಲಾರವು. ಕೈಯಲ್ಲಿರುವುದು ಯಾವ ಮರಳು ಎಂಬ ಅನುಮಾನ ಬಂದರೆ ಒಂದು ಚಿಟಿಕೆಗೆ ಎರಡು ಹನಿ ವಿನೆಗರ್ ಹಾಕಿ. ಚಿಪ್ಪಿನದಾದರೆ ನೊರೆಗುಳ್ಳೆ ಏಳುತ್ತದೆ, ಬೆಣಚಿನದಾದರೆ ಏನೂ ಆಗುವುದಿಲ್ಲ.