ಮನೆಯಿಂದ ಮೆಟ್ರೋವರೆಗೆ: ಬಸ್ ನಿಲುಗಡೆ ಎಲ್ಲಿರಬೇಕು?



ಬೆಂಗಳೂರಿನ ಒಂದು ಬಡಾವಣೆಯಲ್ಲಿ ಒಬ್ಬ ಕಾಲೇಜು ವಿದ್ಯಾರ್ಥಿನಿ ಇದ್ದಾಳೆ ಎಂದಿಟ್ಟುಕೊಳ್ಳೋಣ. ಮನೆಯಿಂದ ಮೆಟ್ರೋ ನಿಲ್ದಾಣಕ್ಕೆ 3 ಕಿ.ಮೀ. ದೂರ. ದಿನವೂ ಆಟೋಗೆ ಹಣ ಕೊಡುವುದು ಮನೆಯವರಿಗೆ ಆಗದ ಮಾತು. ಆದ್ದರಿಂದ ಅವಳು ಬಸ್ಸನ್ನು ನಂಬಿದ್ದಾಳೆ. ಮನೆಯಿಂದ ಬಸ್ ನಿಲುಗಡೆಗೆ ನಡಿಗೆ 8 ನಿಮಿಷ. ಅಲ್ಲಿ ಕಾಯುವುದು 10 ನಿಮಿಷ. ಬಸ್ಸಿನಲ್ಲಿ 10 ನಿಮಿಷ. ಇಳಿದ ಮೇಲೆ ರಸ್ತೆ ದಾಟಿ, ಮೆಟ್ಟಿಲು ಹತ್ತಿ, ರೈಲು ಬರುವ ಕಟ್ಟೆಯನ್ನು ತಲುಪಲು 6 ನಿಮಿಷ. ಒಟ್ಟು 34 ನಿಮಿಷ.

ಈಗ ಇನ್ನೊಂದು ಲೆಕ್ಕ ಮಾಡೋಣ. ಆರೋಗ್ಯವಂತರು ನಿಮಿಷಕ್ಕೆ ಸುಮಾರು 80 ಮೀಟರ್ ನಡೆಯುತ್ತಾರೆ. ಈ ಲೆಕ್ಕದಲ್ಲಿ ಅದೇ 3 ಕಿ.ಮೀ. ದೂರವನ್ನು ನಡೆದೇ ಹೋಗಲು ಸುಮಾರು 38 ನಿಮಿಷ ಸಾಕು. ಅಂದರೆ ಬಸ್ಸು ಅವಳಿಗೆ ಉಳಿಸಿಕೊಟ್ಟದ್ದು ನಾಲ್ಕೇ ನಿಮಿಷ! ಬಸ್ಸು ನಿಧಾನವಾಗಿ ಓಡಿತೇ? ಇಲ್ಲ. 34 ನಿಮಿಷಗಳಲ್ಲಿ ಬಸ್ಸು ಓಡಿದ್ದು 10 ನಿಮಿಷ ಮಾತ್ರ. ಉಳಿದ 24 ನಿಮಿಷ ಕಳೆದುಹೋದದ್ದು ನಡಿಗೆಯಲ್ಲಿ ಮತ್ತು ಕಾಯುವುದರಲ್ಲಿ. ಈ 24 ನಿಮಿಷಗಳನ್ನು ಬಹುಮಟ್ಟಿಗೆ ನಿರ್ಧರಿಸುವವು ಎರಡು ಸಂಗತಿಗಳು: ಬಸ್ ನಿಲುಗಡೆಗಳು ಎಲ್ಲಿವೆ, ಬಸ್ಸು ಎಷ್ಟು ಹೊತ್ತಿಗೊಂದು ಬರುತ್ತದೆ.

ಬೆಂಗಳೂರಿನಲ್ಲಿ ಮೊದಲ ಮೆಟ್ರೋ ರೈಲು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿ ಮತ್ತು ಮಹಾತ್ಮ ಗಾಂಧಿ ರಸ್ತೆಗಳ ನಡುವೆ ಓಡಿತು. ಅಂದಿನ ಮಾರ್ಗದ ಉದ್ದ 6.7 ಕಿ.ಮೀ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ ಒಟ್ಟು ಉದ್ದ ಸುಮಾರು 96 ಕಿ.ಮೀ. ಆಯಿತು. ಆದರೆ ರೈಲು ಎಷ್ಟೇ ಉದ್ದಕ್ಕೆ ಹೋದರೂ ಪ್ರತಿ ಮನೆಯ ಬಾಗಿಲಿಗೆ ಬರಲಾರದು. ಮನೆಗೂ ರೈಲಿಗೂ ನಡುವಿನ ಅಂತರವನ್ನು ತುಂಬುವ ಬಸ್ಸುಗಳಿಗೆ ಫೀಡರ್ ಬಸ್ಸುಗಳೆಂದು ಹೆಸರು. ಸಣ್ಣ ಕಾಲುವೆಗಳು ನೀರನ್ನು ದೊಡ್ಡ ನಾಲೆಗೆ ತಂದು ಸೇರಿಸುವ ಹಾಗೆ ಇವು ಪ್ರಯಾಣಿಕರನ್ನು ರೈಲಿಗೆ ತಂದು ಸೇರಿಸುತ್ತವೆ.

ಐದು ನಿಮಿಷದ ವೃತ್ತ

ಬಸ್ ನಿಲುಗಡೆಗೆ ಜನ ಎಷ್ಟು ದೂರ ನಡೆದು ಬರುತ್ತಾರೆ? ಸಾರಿಗೆ ಯೋಜನೆ ಮಾಡುವವರು ಸಾಮಾನ್ಯವಾಗಿ 400 ಮೀಟರ್, ಅಂದರೆ ಐದು ನಿಮಿಷದ ನಡಿಗೆ ಎಂದು ಇಟ್ಟುಕೊಳ್ಳುತ್ತಾರೆ. ರೈಲು ನಿಲ್ದಾಣಕ್ಕಾದರೆ ಇದರ ಎರಡರಷ್ಟು, 800 ಮೀಟರ್. ನಕ್ಷೆಯ ಮೇಲೆ ನಿಲುಗಡೆಯನ್ನು ಕೇಂದ್ರವಾಗಿಟ್ಟು ಕೈವಾರದಿಂದ 400 ಮೀಟರ್ ತ್ರಿಜ್ಯದ ವೃತ್ತ ಎಳೆದರೆ, ಅದರ ಒಳಗಿನ ಮನೆಗಳಿಗೆಲ್ಲ ಬಸ್ಸು ಎಟುಕುತ್ತದೆ ಎಂದು ತೋರುತ್ತದೆ.

ಆದರೆ ಜನ ಕಾಗೆಗಳಂತೆ ಹಾರಿ ಬರುವುದಿಲ್ಲ, ಬೀದಿಯಲ್ಲಿ ನಡೆದು ಬರುತ್ತಾರೆ. ರಸ್ತೆಗಳು ಚೌಕಾಬಾರದ ಮನೆಗಳಂತೆ ಒಂದಕ್ಕೊಂದು ಲಂಬವಾಗಿರುವ ಬಡಾವಣೆಯಲ್ಲಿ 400 ಮೀಟರ್ ನಡೆದು ತಲುಪಬಹುದಾದ ಜಾಗ ವೃತ್ತವಲ್ಲ. ಮೂಲೆಯ ಮೇಲೆ ನಿಲ್ಲಿಸಿದ ಒಂದು ಚೌಕ. ಅದರ ವಿಸ್ತೀರ್ಣ 2 x 400 x 400, ಅಂದರೆ 3,20,000 ಚದರ ಮೀಟರ್. ವೃತ್ತದ ವಿಸ್ತೀರ್ಣ ಸುಮಾರು 5,02,000 ಚದರ ಮೀಟರ್. ಹೀಗೆ, ನಕ್ಷೆಯಲ್ಲಿ ಎಟುಕಿದಂತೆ ಕಂಡ ಪ್ರದೇಶದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ನಡಿಗೆಯ ಲೆಕ್ಕದಲ್ಲಿ ಹೊರಗೇ ಉಳಿಯಿತು.

ಇದು ರಸ್ತೆಗಳೆಲ್ಲ ಸರಿಯಾಗಿ ಕೂಡಿಕೊಂಡಿರುವ ಬಡಾವಣೆಯ ಮಾತು. ನಡುವೆ ಒಂದು ರಾಜಕಾಲುವೆ, ರೈಲ್ವೆ ಹಳಿ ಅಥವಾ ಉದ್ದನೆಯ ಕಾಂಪೌಂಡ್ ಗೋಡೆ ಅಡ್ಡ ಬಂದರೆ ಎದುರಿಗೇ ಕಾಣುವ ನಿಲುಗಡೆಗೆ ಒಂದು ಕಿಲೋಮೀಟರ್ ಬಳಸಿ ಬರಬೇಕಾಗುತ್ತದೆ. ಇಂಥ ಕಡೆ ಹೊಸ ಬಸ್ಸಿಗಿಂತ ಕಾಲುವೆಯ ಮೇಲೊಂದು ಕಾಲುಸೇತುವೆ ಅಥವಾ ಗೋಡೆಯಲ್ಲೊಂದು ಗೇಟು ಹೆಚ್ಚು ಜನರನ್ನು ಮೆಟ್ರೋಗೆ ತರಬಲ್ಲದು. ಆದ್ದರಿಂದಲೇ ನಿಲುಗಡೆಯ ಜಾಗವನ್ನು ಮೇಜಿನ ಮೇಲಿನ ನಕ್ಷೆ ನೋಡಿ ಮಾತ್ರವೇ ಗೊತ್ತುಮಾಡಬಾರದು; ನಡೆದು ನೋಡಬೇಕು.

ಎಷ್ಟು ದೂರಕ್ಕೊಂದು ನಿಲುಗಡೆ?

ಹಾಗಾದರೆ ಪ್ರತಿ ಅಡ್ಡರಸ್ತೆಗೂ ಒಂದೊಂದು ನಿಲುಗಡೆ ಕೊಟ್ಟರೆ ಆಗದೇ? ಇಲ್ಲೊಂದು ತೊಡಕಿದೆ. ಬಸ್ಸು ಒಮ್ಮೆ ನಿಂತು ಹೊರಡಲು, ಬ್ರೇಕ್ ಹಾಕುವುದು, ಜನ ಇಳಿದು ಹತ್ತುವುದು, ಮತ್ತೆ ವೇಗ ಪಡೆಯುವುದು ಎಲ್ಲ ಸೇರಿ ಅರ್ಧ ನಿಮಿಷ ಹಿಡಿಯುತ್ತದೆ ಎಂದುಕೊಳ್ಳಿ. 6 ಕಿ.ಮೀ. ಮಾರ್ಗದಲ್ಲಿ 300 ಮೀಟರಿಗೊಂದು ನಿಲುಗಡೆ ಇದ್ದರೆ 20 ಸಲ ನಿಲ್ಲಬೇಕು. ಅದಕ್ಕೇ 10 ನಿಮಿಷ. 600 ಮೀಟರಿಗೊಂದು ಇದ್ದರೆ 10 ಸಲ. 5 ನಿಮಿಷ ಸಾಕು. ಆಗ ಮುಖ್ಯರಸ್ತೆಯ ಉದ್ದಕ್ಕೂ ಇರುವವರ ಸರಾಸರಿ ನಡಿಗೆ 75 ಮೀಟರಿನಿಂದ 150 ಮೀಟರಿಗೆ ಏರುತ್ತದೆ. ಅಂದರೆ ಒಂದು ನಿಮಿಷ ಹೆಚ್ಚು.

ಮಾರ್ಗದ ತುದಿಯಿಂದ ಬರುವವರಿಗೆ ಇದು ಲಾಭವೇ. ಆದರೆ ಕೋಲೂರಿ ನಡೆಯುವ ಅಜ್ಜನಿಗೆ, ಮಗುವನ್ನು ಎತ್ತಿಕೊಂಡ ತಾಯಿಗೆ ಆ ಒಂದು ನಿಮಿಷ ಮೂರು ನಿಮಿಷವಾಗಬಹುದು. ಹೀಗಾಗಿ ಒಂದೇ ಅಂತರವನ್ನು ಎಲ್ಲೆಡೆ ಹೇರದೆ, ಆಸ್ಪತ್ರೆ, ಶಾಲೆ, ಸಂತೆಯ ಬಳಿ ನಿಲುಗಡೆಯನ್ನು ಹತ್ತಿರಕ್ಕೆ ತಂದು, ಜನವಸತಿ ವಿರಳವಾದ ಕಡೆ ದೂರ ಬಿಡುವುದು ವಿವೇಕದ ಕ್ರಮ.

ಕಾಯುವ ಹೊತ್ತಿನ ಲೆಕ್ಕವೂ ಸರಳ. ಬಸ್ಸುಗಳು 20 ನಿಮಿಷಕ್ಕೊಂದರಂತೆ ಸಮಯಕ್ಕೆ ಸರಿಯಾಗಿ ಬಂದರೆ ಸರಾಸರಿ ಕಾಯುವಿಕೆ ಅದರ ಅರ್ಧ, 10 ನಿಮಿಷ. ಬಸ್ಸಿನೊಳಗೆ ಕುಳಿತ ಒಂದು ನಿಮಿಷಕ್ಕಿಂತ ರಸ್ತೆ ಬದಿಯಲ್ಲಿ ನಿಂತು ಕಾದ ಒಂದು ನಿಮಿಷ ಬಲು ದೀರ್ಘ ಎಂಬುದು ನಮಗೆಲ್ಲ ಗೊತ್ತು. ಸಾರಿಗೆ ತಜ್ಞರು ತಮ್ಮ ಲೆಕ್ಕಗಳಲ್ಲಿ ಕಾಯುವ ಸಮಯಕ್ಕೆ ಸುಮಾರು ಎರಡು ಪಟ್ಟು ತೂಕ ಕೊಡುವುದು ಇದೇ ಕಾರಣಕ್ಕೆ. ನೆರಳು, ಕೂರಲು ಕಟ್ಟೆ, ರಾತ್ರಿ ಬೆಳಕು ಇವು ಅಲಂಕಾರವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು, ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಹಣದ ಚಿಂತೆ ತಪ್ಪಿತು. ಆದರೆ ನಿಲುಗಡೆ ಕತ್ತಲಲ್ಲಿದ್ದರೆ ಸಂಜೆ ಏಳರ ನಂತರ ಆ ಬಸ್ಸು ಅವರ ಪಾಲಿಗೆ ಇದ್ದೂ ಇಲ್ಲದಂತೆ.

ನಿಲ್ದಾಣದ ಬಾಗಿಲಲ್ಲಿ

ಮೆಟ್ರೋ ನಿಲ್ದಾಣದ ಬಳಿ ನಿಲುಗಡೆ ಪ್ರವೇಶದ್ವಾರಕ್ಕೆ ಎಷ್ಟು ಹತ್ತಿರವಿದ್ದರೆ ಅಷ್ಟು ಒಳ್ಳೆಯದು. ಬಸ್ಸು ಬೆಳಿಗ್ಗೆ ರಸ್ತೆಯ ಒಂದು ಬದಿಯಲ್ಲಿ ಇಳಿಸಿದರೆ ಸಂಜೆ ಎದುರು ಬದಿಯಲ್ಲಿ ಹತ್ತಿಸಿಕೊಳ್ಳುತ್ತದೆ. ದ್ವಾರ ಒಂದೇ ಬದಿಗಿದ್ದರೆ ದಿನಕ್ಕೊಮ್ಮೆಯಾದರೂ ವಾಹನಗಳ ನಡುವೆ ರಸ್ತೆ ದಾಟಲೇಬೇಕು. ಎರಡೂ ಬದಿಗೆ ದ್ವಾರ ಇಡುವುದು, ದಾಟುವ ಪಟ್ಟೆಯನ್ನು ನಿಲುಗಡೆಯಲ್ಲಿ ನಿಂತ ಬಸ್ಸಿನ ಹಿಂಬದಿಗೆ ಬರುವಂತೆ ಬಳಿಯುವುದು ಇದಕ್ಕೆ ಪರಿಹಾರ. ನಿಂತ ಬಸ್ಸಿನ ಮುಂದಿನಿಂದ ದಾಟುವವರು ಪಕ್ಕದಲ್ಲಿ ನುಗ್ಗಿಬರುವ ವಾಹನದ ಚಾಲಕನಿಗೆ ಕಾಣುವುದಿಲ್ಲ.

ಸಿಗ್ನಲ್ ಇರುವ ವೃತ್ತಗಳಲ್ಲಿ ನಿಲುಗಡೆ ಸಿಗ್ನಲ್ ದಾಟಿದ ಮೇಲಿರುವುದು ಸಾಮಾನ್ಯವಾಗಿ ಮೇಲು. ಮೊದಲೇ ಇದ್ದರೆ ಬಸ್ಸು ಜನರಿಗಾಗಿ ಒಮ್ಮೆ, ಕೆಂಪು ದೀಪಕ್ಕಾಗಿ ಇನ್ನೊಮ್ಮೆ ನಿಲ್ಲಬೇಕಾಗಿ ಬರುತ್ತದೆ. ಎಡಕ್ಕೆ ತಿರುಗುವ ವಾಹನಗಳಿಗೂ ಅಡ್ಡವಾಗುತ್ತದೆ.

ಕೆನಡಾ ದೇಶದ ಟೊರಾಂಟೊ ನಗರ ಈ ವಿಷಯದಲ್ಲಿ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಸಬ್‌ವೇ ಎಂದರೆ ರಸ್ತೆಯಡಿಯ ಕಾಲುದಾರಿ. ಅಲ್ಲಿ ಸಬ್‌ವೇ ಎಂದರೆ ಸುರಂಗದ ರೈಲು. ಅಲ್ಲಿನ ಮೊದಲ ಸಬ್‌ವೇ 1954ರ ಮಾರ್ಚ್ 30ರಂದು ಆರಂಭವಾಯಿತು. ಅಲ್ಲಿನ ಹಲವು ನಿಲ್ದಾಣಗಳಲ್ಲಿ ಬಸ್ಸುಗಳು ಟಿಕೆಟ್ ತಪಾಸಣೆಯ ಗೇಟಿನ ಒಳಭಾಗಕ್ಕೇ ಬರುತ್ತವೆ. ಪ್ರಯಾಣಿಕರು ಬಸ್ಸಿನಿಂದಿಳಿದು ರಸ್ತೆ ದಾಟದೆ, ಇನ್ನೊಂದು ಟಿಕೆಟ್ ಕೊಳ್ಳದೆ ನೇರವಾಗಿ ರೈಲಿನ ಕಡೆಗೆ ಇಳಿಯುತ್ತಾರೆ. ಬೆಂಗಳೂರಿನಲ್ಲಿ ಬನಶಂಕರಿ, ವಿಜಯನಗರ, ಮೆಜೆಸ್ಟಿಕ್‌ಗಳಲ್ಲಿ ಬಸ್ ನಿಲ್ದಾಣವೂ ಮೆಟ್ರೋ ನಿಲ್ದಾಣವೂ ಅಕ್ಕಪಕ್ಕದಲ್ಲಿರುವುದು ಅದೇ ದಿಕ್ಕಿನ ಒಂದು ಹೆಜ್ಜೆ.

ಎರಡು ಕಿಲೋಮೀಟರಿನ ಪಾಠ

2023ರ ಮಾರ್ಚ್ 25ರಂದು ಕೃಷ್ಣರಾಜಪುರದಿಂದ ವೈಟ್‌ಫೀಲ್ಡ್‌ವರೆಗಿನ ಮೆಟ್ರೋ ಆರಂಭವಾಯಿತು. ಆದರೆ ಹಳೆಯ ಮಾರ್ಗದ ಕೊನೆಯಾಗಿದ್ದ ಬೈಯಪ್ಪನಹಳ್ಳಿಗೂ ಕೃಷ್ಣರಾಜಪುರಕ್ಕೂ ನಡುವೆ ಸುಮಾರು 2 ಕಿ.ಮೀ. ಕಂಡಿ ಉಳಿದಿತ್ತು. ಅದನ್ನು ತುಂಬಲು ಬಿ.ಎಂ.ಟಿ.ಸಿ. ಫೀಡರ್ ಬಸ್ಸುಗಳು ಓಡಿದವು. ಪ್ರಯಾಣಿಕರು ರೈಲಿಳಿದು, ಕೆಳಗೆ ಬಂದು, ಬಸ್ಸು ಹತ್ತಿ, ಇಳಿದು, ಮತ್ತೆ ಮೇಲೆ ಹತ್ತಬೇಕಿತ್ತು. ಅದೇ ವರ್ಷ ಅಕ್ಟೋಬರ್ 9ರಂದು ರೈಲು ಸಂಪರ್ಕ ಕೂಡಿಕೊಂಡಾಗ ಆ ಹತ್ತಿಳಿಯುವ ಶ್ರಮ ತಪ್ಪಿತು. ದೂರ ಎರಡೇ ಕಿಲೋಮೀಟರ್ ಆದರೂ ಸರಪಳಿಯ ಬಲ ಅದರ ದುರ್ಬಲ ಕೊಂಡಿಯಲ್ಲಿದೆ ಎಂಬುದನ್ನು ನಗರ ಆರು ತಿಂಗಳು ಕಂಡಿತು. ಒಳ ಬಡಾವಣೆಗಳ ಸಾವಿರಾರು ಮಂದಿಗೆ ಅಂಥ ಕೊಂಡಿ ಪ್ರತಿದಿನವೂ ಇದೆ. ಅವರಿಗೆ ರೈಲು ಎಂದೂ ಬಂದು ಕೂಡಿಕೊಳ್ಳುವುದಿಲ್ಲ, ಬಸ್ಸೇ ಗತಿ.

ನೀವೇ ಅಳೆದು ನೋಡಿ

ಈಗ ನಮ್ಮ ವಿದ್ಯಾರ್ಥಿನಿಯ ಬಳಿಗೆ ಮರಳೋಣ. ಅವಳ ಬೀದಿಗೆ ನಿಲುಗಡೆ 320 ಮೀಟರ್ ಹತ್ತಿರ ಬಂದರೆ ನಡಿಗೆ 4 ನಿಮಿಷ. ಬಸ್ಸು 10 ನಿಮಿಷಕ್ಕೊಂದಾದರೆ ಕಾಯುವುದು 5 ನಿಮಿಷ. ನಿಲ್ದಾಣದ ದ್ವಾರದಲ್ಲೇ ಇಳಿದರೆ ರೈಲಿನ ಕಟ್ಟೆಗೆ 2 ನಿಮಿಷ. ಬಸ್ಸಿನ 10 ನಿಮಿಷ ಸೇರಿ ಒಟ್ಟು 21. ರೈಲಾಗಲಿ ಬಸ್ಸಾಗಲಿ ಕಿಂಚಿತ್ತೂ ವೇಗವಾಗಿ ಓಡದೆ 13 ನಿಮಿಷ ಉಳಿಯಿತು. ಹೋಗಿ ಬರುವುದಕ್ಕೆ ದಿನಕ್ಕೆ 26 ನಿಮಿಷ. ಇಷ್ಟು ಹೊತ್ತಿನಲ್ಲಿ ಅವಳು ಒಂದು ಪಾಠ ಓದಿಕೊಳ್ಳಬಹುದು.

ನೀವೂ ನಿಮ್ಮ ಬೀದಿಯಲ್ಲಿ ಒಂದು ವಾರ ಹೀಗೆ ಅಳೆಯಿರಿ. ಮನೆಯಿಂದ ನಿಲುಗಡೆಗೆ ಎಷ್ಟು ನಿಮಿಷ, ಎಷ್ಟು ಕಾದಿರಿ, ಎಲ್ಲಿ ರಸ್ತೆ ದಾಟಿದಿರಿ, ದೀಪ ಇತ್ತೇ ಎಂದು ಪುಸ್ತಕದಲ್ಲಿ ಬರೆದಿಡಿ. ಅಜ್ಜಿಯನ್ನೋ ತಾತನನ್ನೋ ಜೊತೆಗೆ ಕರೆದುಕೊಂಡು ಹೋಗಿ ಅವರ ಸಮಯವನ್ನೂ ಗುರುತು ಮಾಡಿಕೊಳ್ಳಿ. ತರಗತಿಯ ಎಲ್ಲರ ಲೆಕ್ಕಗಳನ್ನೂ ಒಂದೇ ನಕ್ಷೆಯ ಮೇಲೆ ಇಟ್ಟರೆ, ನಿಲುಗಡೆ ಎಲ್ಲಿರಬೇಕೆಂಬುದು ತಾನಾಗಿ ಕಾಣತೊಡಗುತ್ತದೆ. ಅಂಥ ನಕ್ಷೆಯೊಂದಿಗೆ ಬರೆದ ಮನವಿಗೆ, ಬರಿಯ ದೂರಿಗೆ ಇಲ್ಲದ ತೂಕ ಇರುತ್ತದೆ.